ಬೆಂಗಳೂರಿಗೆ ಹತ್ತು ದಿನಕ್ಕೆ ಬರುವವರು ಎಲ್ಲಿ ಗಾಲ್ಫ್ ಆಡಬಹುದು?

ಸಿಯಾಟಲ್‌ನಲ್ಲಿ ನಗರಸಭೆಯ ಕೋರ್ಸ್‌ಗಳಲ್ಲೇ ಆಡಿ ರೂಢಿ, ಜನವರಿಯಲ್ಲಿ ಹತ್ತು ದಿನ ಜಯನಗರದ ಮಾವನ ಮನೆಗೆ ಬರುತ್ತಿದ್ದೇನೆ, ಒಂದೆರಡು ಸಲವಾದರೂ ಆಡಬೇಕು, ಯಾವ ಪಬ್ಲಿಕ್ ಗಾಲ್ಫ್ ಕೋರ್ಸ್ ಒಳ್ಳೆಯದು ಎಂದು ಕೇಳಿದ್ದೀರಿ. ಗಾಲ್ಫ್ ಎಂದರೇನೆಂದು ನೋಡಿಯೇ ಇರದ ಮಾವನವರೂ ಜೊತೆಗೆ ಬರುತ್ತೇನೆ ಅನ್ನುತ್ತಿದ್ದಾರೆ ಎಂದೂ ಬರೆದಿದ್ದೀರಿ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ವಾರದ ನಡುವೆ ಒಂದು ಬೆಳಿಗ್ಗೆ ಬಿಡದಿಯ ಈಗಲ್‌ಟನ್ ರೆಸಾರ್ಟಿನ ಕೋರ್ಸ್‌ಗೆ ಹೋಗಿ. ಕೋರ್ಸ್ ಒಳಗೆ ಓಡಾಡುವ ಗಾಲ್ಫ್ ಗಾಡಿ ತೆಗೆದುಕೊಳ್ಳಬೇಡಿ, ಬ್ಯಾಗ್ ಹೊತ್ತು ಸಲಹೆ ಕೊಡುವ ಕ್ಯಾಡಿ ಜೊತೆ ನಡೆದು ಆಡಿ. ಇನ್ನೊಂದು ಇಡೀ ದಿನ ಬಿಡುವಿದ್ದರೆ ಮೈಸೂರು.

ನೀವು ಅಲ್ಲಿ ನೋಡಿರುವಂಥ ಪಬ್ಲಿಕ್ ಕೋರ್ಸ್, ಅಂದರೆ ಊರಿನ ಆಡಳಿತವೇ ನಡೆಸುವ, ಯಾರು ಬೇಕಾದರೂ ದುಡ್ಡು ಕಟ್ಟಿ ಒಳಗೆ ಹೋಗಬಹುದಾದ ಕೋರ್ಸ್ ಬೆಂಗಳೂರಿನಲ್ಲಿ ಒಂದೂ ಇಲ್ಲ. ದೆಹಲಿಯಲ್ಲಿ ಇದೆ. ಲಾಡೋ ಸರಾಯ್‌ನ ಕುತುಬ್ ಗಾಲ್ಫ್ ಕೋರ್ಸನ್ನು ಅಲ್ಲಿನ ಅಭಿವೃದ್ಧಿ ಪ್ರಾಧಿಕಾರವೇ ನಡೆಸುತ್ತದೆ, ದೇಶದ ಮೊದಲ ಪಬ್ಲಿಕ್ ಕೋರ್ಸ್ ಅದು. ನಮ್ಮ ಬಿಡಿಎ ಅಂಥದ್ದನ್ನು ನಡೆಸುತ್ತಿಲ್ಲ. ಹಾಗಾಗಿ ಇಲ್ಲಿ ಯಾವ ಕೋರ್ಸ್ ಚೆನ್ನಾಗಿದೆ ಅನ್ನುವುದಕ್ಕಿಂತ ಮೊದಲು ಯಾವ ಗೇಟು ನಿಮಗೆ ತೆರೆಯುತ್ತದೆ ಎಂದು ನೋಡಬೇಕು. ಅಂತರ್ಜಾಲದಲ್ಲಿ ಸಿಗುವ ‘ಟಾಪ್ ಟೆನ್’ ಪಟ್ಟಿಗಳು ಈ ಒಂದು ವಿಷಯವನ್ನೇ ಹೇಳುವುದಿಲ್ಲ. ಓದಿದವರು ಖುಷಿಯಿಂದ ಫೋನ್ ಮಾಡಿ, ‘ಮೆಂಬರ್ ಯಾರು ಸಾರ್?’ ಅನ್ನುವ ಪ್ರಶ್ನೆ ಕೇಳಿಸಿಕೊಂಡು ಸುಮ್ಮನಾಗುತ್ತಾರೆ.

ಊರೊಳಗಿನ ಎರಡು ದೊಡ್ಡ ಹೆಸರುಗಳು ಸದಸ್ಯರ ಕ್ಲಬ್‌ಗಳು. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು. ಸ್ಯಾಂಕಿ ರಸ್ತೆಯಲ್ಲಿ ಹೋಗುವಾಗ ಎತ್ತರದ ಬಲೆಗಳು ಕಾಣುತ್ತವಲ್ಲ, ಅದೇ. ಜಾಗ ಚಿಕ್ಕದು, ಹೋಲ್‌ಗಳು (ಮೊದಲ ಹೊಡೆತದ ಜಾಗದಿಂದ ಗುಳಿಯವರೆಗಿನ ಒಂದೊಂದು ಹಾದಿ) ಒತ್ತೊತ್ತಾಗಿವೆ, ಸುತ್ತ ಊರು ಬೆಳೆದುಬಿಟ್ಟಿದೆ. ದೂರ ಹೊಡೆಯುವವರಿಗಿಂತ ನೇರ ಹೊಡೆಯುವವರಿಗೆ ಹೇಳಿಮಾಡಿಸಿದ ಕೋರ್ಸ್. ಇನ್ನೊಂದು ದೊಮ್ಮಲೂರಿನ ಪಕ್ಕದ ಕರ್ನಾಟಕ ಗಾಲ್ಫ್ ಅಸೋಸಿಯೇಷನ್, ಎಲ್ಲರ ಬಾಯಲ್ಲಿ ಕೆಜಿಎ. 2012ರ ಇಂಡಿಯನ್ ಓಪನ್ ಪಂದ್ಯಾವಳಿ ನಡೆದದ್ದು ಇಲ್ಲೇ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಅದಿತಿ ಅಶೋಕ್ ಪುಟ್ಟ ಹುಡುಗಿಯಾಗಿ ಕ್ಲಬ್, ಅಂದರೆ ಗಾಲ್ಫ್ ಕೋಲು, ಹಿಡಿದದ್ದೂ ಇಲ್ಲೇ. ಆಡಲು ಸಿಕ್ಕರೆ ಬಿಡಬೇಡಿ. ಆದರೆ ಸಿಗಬೇಕಾದರೆ ಸಾಮಾನ್ಯವಾಗಿ ಸದಸ್ಯರೊಬ್ಬರು ನಿಮ್ಮನ್ನು ಅತಿಥಿಯಾಗಿ ಕರೆದುಕೊಂಡು ಹೋಗಬೇಕು, ಇಲ್ಲವೇ ನಿಮ್ಮೂರಿನ ಕ್ಲಬ್‌ಗೂ ಇಲ್ಲಿಗೂ ಒಪ್ಪಂದ ಇರಬೇಕು. ಸಿಯಾಟಲ್‌ನ ನಗರಸಭೆ ಕೋರ್ಸ್‌ಗೆ ಅಂಥ ಒಪ್ಪಂದ ಇರುವ ಸಂಭವ ಕಡಿಮೆ. ಮಾವನವರನ್ನೇ ಒಂದು ಮಾತು ಕೇಳಿ ನೋಡಿ. ಜಯನಗರದಲ್ಲಿ ಬಹಳ ವರ್ಷದಿಂದ ಇರುವವರಿಗೆ ಬ್ಯಾಂಕಿನಲ್ಲೋ ಎಚ್‌ಎಎಲ್‌ನಲ್ಲೋ ಜೊತೆಗಿದ್ದ ಒಬ್ಬರಾದರೂ ಮೆಂಬರ್ ಸ್ನೇಹಿತರು ಇರುತ್ತಾರೆ. ಸೇನೆಯ ಕೋರ್ಸ್‌ಗಳೂ ಇವೆ, ಅಲ್ಲಿಗೂ ಅಧಿಕಾರಿಗಳ ಪರಿಚಯವಿಲ್ಲದೆ ಪ್ರವೇಶ ಕಷ್ಟ.

ಈ ವಿಷಯದಲ್ಲಿ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಕೆಜಿಎ ಇರುವುದು ಒಂದು ಕಾಲದ ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಊರಿನ ಕೆರೆಯಾಗಿದ್ದ ಜಾಗದಲ್ಲಿ ವಾರಕ್ಕೆ ಒಂದು ಬೆಳಿಗ್ಗೆಯಾದರೂ ಸದಸ್ಯರಲ್ಲದವರಿಗೆ, ಅದರಲ್ಲೂ ಸರ್ಕಾರಿ ಶಾಲೆಯ ಮಕ್ಕಳಿಗೆ ಅವಕಾಶ ಇರಬೇಕು. ಈ ಆಟಕ್ಕೆ ದೊಡ್ಡ ಮನೆಯವರ ಮಕ್ಕಳೇ ಬೇಕೆಂದಿಲ್ಲ ಎಂದು ಬೆಂಗಳೂರೇ ತೋರಿಸಿಕೊಟ್ಟಿದೆ. ಇಲ್ಲಿ ಕ್ಯಾಡಿಯಾಗಿ ಬ್ಯಾಗ್ ಹೊರುತ್ತಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿಯ ಕೋರ್ಸ್ ಪಕ್ಕದ ಹಳ್ಳಿಯಲ್ಲಿ ಬೆಳೆದ ಚಿಕ್ಕರಂಗಪ್ಪ ಅದೇ ಕೋರ್ಸ್‌ನಲ್ಲಿ ಆಟ ಕಲಿತು ದೇಶದ ಮುಂಚೂಣಿಯ ವೃತ್ತಿಪರ ಆಟಗಾರರಾದರು. ಗೇಟು ಇನ್ನೊಂದಿಷ್ಟು ತೆರೆದಿದ್ದರೆ ಇನ್ನೆಷ್ಟು ಜನ ಬರುತ್ತಿದ್ದರೋ.

ಸರಿ, ಈಗ ದುಡ್ಡು ಕೊಟ್ಟರೆ ತೆರೆಯುವ ಗೇಟುಗಳಿಗೆ ಬರೋಣ. ಇವೆಲ್ಲ ಊರ ಹೊರಗಿನ ರೆಸಾರ್ಟ್ ಕೋರ್ಸ್‌ಗಳು.

ಉತ್ತರಕ್ಕೆ, ನಂದಿಬೆಟ್ಟದ ದಾರಿಯಲ್ಲಿ ಪ್ರೆಸ್ಟೀಜ್ ಗಾಲ್ಫ್‌ಶೈರ್. ಹದಿನೆಂಟು ಹೋಲ್, ನೀರಿನ ಅಡ್ಡಿಗಳು ಧಾರಾಳ, ಹಿಂದೆ ಬೆಟ್ಟದ ಸಾಲು, ಸುತ್ತ ವಿಲ್ಲಾಗಳು. ಅಲ್ಲೇ ದೊಡ್ಡ ಹೋಟೆಲೂ ಇದೆ. ಬೆಂಗಳೂರಿನ ಆಸುಪಾಸಿನಲ್ಲಿ ನೋಡಲು ಇದಕ್ಕಿಂತ ಚೆಂದದ ಕೋರ್ಸ್ ಇಲ್ಲ ಎಂದರೂ ನಾನು ಜಗಳಕ್ಕೆ ಬರುವುದಿಲ್ಲ. ಆದರೂ ನಿಮಗೆ ಬೇಡ ಅನ್ನುತ್ತೇನೆ. ಒಂದು, ದುಬಾರಿ. ಎರಡು, ಜಯನಗರದಿಂದ ಅಲ್ಲಿಗೆಂದರೆ ಊರನ್ನು ಈ ತುದಿಯಿಂದ ಆ ತುದಿಗೆ ದಾಟಬೇಕು. ಹೋಗುವಾಗ ಕತ್ತಲಲ್ಲಿ ಸಲೀಸಾಗಿ ಹೋಗಿಬಿಡುತ್ತೀರಿ, ಬರುವಾಗ ಹೆಬ್ಬಾಳ ದಾಟುವಷ್ಟರಲ್ಲಿ ಆಡಿದ ಖುಷಿಯೆಲ್ಲ ಇಳಿದಿರುತ್ತದೆ. ಮೂರು, ನೀವು ಬರುವುದು ಜನವರಿಯಲ್ಲಿ. ದೇವನಹಳ್ಳಿ ಕಡೆ ಆಗ ಬೆಳಿಗ್ಗೆ ದಟ್ಟ ಮಂಜು. ವಿಮಾನಗಳೇ ತಡವಾಗಿ ಹಾರುವ ಮಂಜಿನಲ್ಲಿ ಟೀ (ಮೊದಲ ಹೊಡೆತದ ಜಾಗ) ಮೇಲೆ ನಿಂತರೆ ಫೇರ್‌ವೇ (ಮುಂದಿನ ಹುಲ್ಲಿನ ಹಾದಿ) ಎಲ್ಲಿದೆ ಎಂದೇ ಕಾಣದು. ಏಳು ಗಂಟೆಗೆ ಬುಕ್ ಮಾಡಿದವರು ಕಾಫಿ ಕುಡಿಯುತ್ತಾ ಒಂಬತ್ತರವರೆಗೆ ಕಾಯುವುದುಂಟು. ಶನಿವಾರ, ಭಾನುವಾರವಾದರೆ ನಂದಿಬೆಟ್ಟಕ್ಕೆ ಸೂರ್ಯೋದಯ ನೋಡಲು ಹೊರಟ ಬೈಕು, ಕಾರುಗಳ ಸಾಲೂ ಅದೇ ರಸ್ತೆಯಲ್ಲಿ ಸಿಗುತ್ತದೆ. ನೀವು ಯಲಹಂಕದಲ್ಲೋ ಸಹಕಾರನಗರದಲ್ಲೋ ಇಳಿದುಕೊಳ್ಳುವುದಾಗಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು.

ಹೊಸೂರಿನ ಆಚೆ ಕ್ಲೋವರ್ ಗ್ರೀನ್ಸ್, ಕೋಲಾರದ ಕಡೆ ಜಿಯಾನ್ ಹಿಲ್ಸ್ ಇವೆ. ಎಲೆಕ್ಟ್ರಾನಿಕ್ ಸಿಟಿಯವರಿಗೆ ಮೊದಲನೆಯದು, ವೈಟ್‌ಫೀಲ್ಡ್, ಕೆ.ಆರ್.ಪುರದವರಿಗೆ ಎರಡನೆಯದು ಅನುಕೂಲ. ನಿಮಗೆ ಎರಡೂ ದೂರ.

ಬಿಡದಿಗೆ ಬರೋಣ. ಕನಕಪುರ ರಸ್ತೆಗೆ ಹೋಗಿ ನೈಸ್ ರಸ್ತೆ ಹತ್ತಿದರೆ ಕೆಂಗೇರಿ ಹತ್ತಿರ ಮೈಸೂರು ರಸ್ತೆಗೆ ಬಂದು ಸೇರುತ್ತೀರಿ. ಐದೂವರೆಗೆ ಮನೆ ಬಿಟ್ಟರೆ ಬೆಳಕು ಹರಿಯುವ ಮೊದಲೇ ಅಲ್ಲಿರಬಹುದು. ಈಗಲ್‌ಟನ್ ಅಂದೊಡನೆ ಮಾವನವರು ‘ಓ, ಶಾಸಕರನ್ನು ಕೂಡಿಹಾಕುತ್ತಾರಲ್ಲ, ಆ ರೆಸಾರ್ಟಾ?’ ಅನ್ನುತ್ತಾರೆ. ಹೌದು, ಅದೇ. 2017ರಲ್ಲಿ ಗುಜರಾತಿನವರು, 2018ರಲ್ಲಿ ನಮ್ಮವರೇ ಅಲ್ಲಿದ್ದರು. ಟಿವಿಯಲ್ಲಿ ಗೇಟು ಮಾತ್ರ ನೋಡಿರುವ ಬಹಳ ಜನರಿಗೆ ಒಳಗೆ ಹದಿನೆಂಟು ಹೋಲ್‌ನ ಒಳ್ಳೆಯ ಕೋರ್ಸ್ ಇದೆ ಎಂದೇ ಗೊತ್ತಿಲ್ಲ.

ನಾನು ಯಾವ ಕ್ಲಬ್‌ನ ಸದಸ್ಯನೂ ಅಲ್ಲ. ಗ್ರೀನ್ ಫೀ, ಅಂದರೆ ಆ ದಿನದ ಆಟದ ಶುಲ್ಕ, ಕಟ್ಟಿ ಆಡುವವನು, ಅದಕ್ಕೇ ಬಿಡದಿ ನನಗೆ ಹತ್ತಿರ. ಆದರೆ ನಿಮ್ಮನ್ನು ಅಲ್ಲಿಗೆ ಕಳಿಸಲು ಅದಕ್ಕಿಂತ ದೊಡ್ಡ ಕಾರಣ ಕ್ಯಾಡಿಗಳು. ನಿಮ್ಮ ಕಡೆ ನಗರಸಭೆ ಕೋರ್ಸ್‌ಗಳಲ್ಲಿ ಕ್ಯಾಡಿ ಸಿಗುವುದಿಲ್ಲ, ಬ್ಯಾಗ್ ನೀವೇ ಎಳೆದುಕೊಂಡು ಹೋಗುತ್ತೀರಿ. ಇಲ್ಲಿಗೆ ಬಂದೂ ಗಾಡಿಯಲ್ಲಿ ಕೂತು ಆಡಿದರೆ ಬಂದದ್ದೇ ದಂಡ. ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ನನ್ನ ಕ್ಯಾಡಿ ಇಳಿಜಾರು ನೋಡುವ ಮೊದಲು ಕಪ್‌ನ, ಅಂದರೆ ಆ ಗುಳಿಯ, ಬಾಯಿ ನೋಡುತ್ತಾನೆ. ಒಂದು ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನೀಟಾಗಿರುತ್ತದೆ, ಎದುರಿನ ಅಂಚಿನಲ್ಲಿ ಹುಲ್ಲು ಚೂರು ಹರಿದು ಕಂದಿರುತ್ತದೆ. ಹುಲ್ಲು ಮಲಗಿರುವುದು ಆ ಹರಿದ ಅಂಚಿನ ಕಡೆಗೆ. ಆಮೇಲೆ ಚೆಂಡಿನ ಹಿಂದೆ ಬಂದು ನಿಂತು, ‘ಎಡಕ್ಕೆ ಎರಡು ಬೆರಳು ಕೊಡಿ ಸಾರ್, ಚೂರು ಗಟ್ಟಿಯಾಗೇ ಹೊಡೀರಿ, ಹುಲ್ಲು ಎದುರಿಗಿದೆ’ ಅನ್ನುತ್ತಾನೆ. ಕಣ್ಣಿಗೆ ಇಳಿಜಾರು ಬಲಕ್ಕೆ ಕಾಣದಿದ್ದರೂ ಚೆಂಡು ಬಲಕ್ಕೇ ಬರುತ್ತದೆ. ನಿಮ್ಮ ಕಡೆಯ ಗ್ರೀನ್‌ಗಳಲ್ಲಿ ಪೋವಾ ಹುಲ್ಲು. ಇಲ್ಲಿನದು ಬರ್ಮುಡಾ, ಗಣಪತಿಗೆ ಇಡುವ ಗರಿಕೆಯ ಸಂತತಿ. ಅದು ಒಂದು ದಿಕ್ಕಿಗೆ ವಾಲಿಕೊಂಡು ಬೆಳೆಯುತ್ತದೆ, ಚೆಂಡನ್ನೂ ಆ ಕಡೆಗೇ ಎಳೆಯುತ್ತದೆ. ಹೊಳೆಯುವಂತೆ ಕಂಡರೆ ಹುಲ್ಲು ನಿಮ್ಮಿಂದ ಆಚೆಗೆ ಮಲಗಿದೆ, ಚೆಂಡು ಓಡುತ್ತದೆ. ಗಾಢ ಹಸಿರಾಗಿ ಕಂಡರೆ ಎದುರಿಗಿದೆ, ಅಂದರೆ ನಿಮ್ಮ ಕಡೆಗೇ ಮಲಗಿದೆ, ಚೆಂಡು ಹಿಡಿದುಕೊಳ್ಳುತ್ತದೆ. ಮೊದಲ ಮೂರು ಹೋಲ್ ಕ್ಯಾಡಿ ಹೇಳಿದ್ದನ್ನು ಕಣ್ಣುಮುಚ್ಚಿ ನಂಬಿ. ಕನ್ನಡದಲ್ಲೇ ಮಾತಾಡಿ. ಹೊರಗಿನಿಂದ ಬಂದವರು ಎಂದು ಇಂಗ್ಲಿಷಿನಲ್ಲಿ ಅಂತರ ಹೇಳಿ ಸುಮ್ಮನಾಗುವವರು ಕನ್ನಡ ಕೇಳಿದರೆ ಆ ಕೋರ್ಸ್‌ನ ಒಳಗುಟ್ಟನ್ನೆಲ್ಲ ಹೇಳಿಬಿಡುತ್ತಾರೆ. ಅವರ ದುಡ್ಡನ್ನು ಬಿಲ್ಲಿಗೆ ಸೇರಿಸಿದ್ದರೂ ಮೇಲೆ ಒಂದಿಷ್ಟು ನಗದು ಕೈಯಲ್ಲೇ ಕೊಡಿ.

ಸಮುದ್ರಮಟ್ಟದ ಊರಿನಿಂದ ಬರುವ ನಿಮಗೆ ಇನ್ನೊಂದು ವ್ಯತ್ಯಾಸವೂ ಗೊತ್ತಾಗುತ್ತದೆ. ಬೆಂಗಳೂರು ಇರುವುದು ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿನ ತೆಳು ಗಾಳಿಯಲ್ಲಿ ಚೆಂಡು ಶೇಕಡಾ ಮೂರರಷ್ಟು ಹೆಚ್ಚು ದೂರ ಹೋಗುತ್ತದೆ. ಅಲ್ಲಿ 150 ಗಜ ಹೋಗುವ ಕ್ಲಬ್ ಇಲ್ಲಿ 154–155 ಹೋಗುತ್ತದೆ ಎಂದಿಟ್ಟುಕೊಳ್ಳಿ. ಬೆಳಗಿನ ಚಳಿಯಲ್ಲಿ ಅಷ್ಟು ಕಾಣುವುದಿಲ್ಲ, ಹತ್ತು ಗಂಟೆಯ ಬಿಸಿಲಿಗೆ ಗ್ರೀನ್ ದಾಟಿ ಹಿಂದಿನ ಮರಳು ಗುಂಡಿಗೆ (ಬಂಕರ್) ಬೀಳುವಾಗ ಕಾಣುತ್ತದೆ.

ಮಾವನವರ ವಿಷಯ. ಆಡದವರು ಜೊತೆಯಲ್ಲಿ ನಡೆಯಲು ಬಿಡುವುದು ಬಿಡದಿರುವುದು ಆಯಾ ಕೋರ್ಸ್‌ನ ನಿಯಮ. ಬುಕ್ ಮಾಡುವಾಗಲೇ ಕೇಳಿಬಿಡಿ, ಗೇಟಿನಲ್ಲಿ ನಿಂತು ಚೌಕಾಸಿ ಬೇಡ. ಬಿಟ್ಟರೆ ಮೊದಲ ಒಂಬತ್ತು ಹೋಲ್ ಸಾಕು. ಹದಿನೆಂಟೆಂದರೆ ಏಳೆಂಟು ಕಿಲೋಮೀಟರ್ ನಡಿಗೆ, ಹಿರಿಯರಿಗೆ ಆಯಾಸವಾಗುತ್ತದೆ. ಚಪ್ಪಲಿ ಬೇಡ, ಶೂ ಹಾಕಿಸಿ, ತಲೆಗೆ ಟೋಪಿ ಇರಲಿ. ಯಾರೋ ಹೊಡೆಯಲು ನಿಂತಾಗ ಅವರ ಹಿಂದೆ ಅಲ್ಲಾಡಬಾರದು, ಮಾತಾಡಬಾರದು, ‘ಫೋರ್’ ಎಂಬ ಎಚ್ಚರಿಕೆಯ ಕೂಗು ಕೇಳಿದರೆ ತಿರುಗಿ ನೋಡದೆ ತಲೆ ತಗ್ಗಿಸಬೇಕು. ಇಷ್ಟನ್ನು ಕಾರಿನಲ್ಲೇ ಹೇಳಿಡಿ. ಆಮೇಲೆ ಅವರಿಗೆ ಬೇಸರವಾಗುವುದಿಲ್ಲ, ಫೇರ್‌ವೇ ಮಧ್ಯೆ ಟಿಟ್ಟಿಭ ಹಕ್ಕಿಗಳ ಗಲಾಟೆ ನೋಡಿಕೊಂಡೇ ಹೊತ್ತು ಹೋಗುತ್ತದೆ. ಮುಗಿದ ಮೇಲೆ ಬಿಡದಿ ಊರೊಳಗೆ ಹೋಗಿ ತಟ್ಟೆ ಇಡ್ಲಿ, ಬೆಣ್ಣೆ. ಇದನ್ನು ತಪ್ಪಿಸಬೇಡಿ.

ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ರೇಸ್‌ಕೋರ್ಸ್ ಜಾಗದಲ್ಲೇ ಇದೆ, ತಲೆ ಎತ್ತಿದರೆ ಚಾಮುಂಡಿಬೆಟ್ಟ. ರೇಸ್ ಇರುವ ದಿನ ಬಿಟ್ಟು ಹೋಗಿ. ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಳಿಗ್ಗೆ ಹೋಗಿ ಸಂಜೆ ಬರುವುದು ಕಷ್ಟವಲ್ಲ. ಮನೆಯವರೆಲ್ಲ ಹೇಗೂ ಮೈಸೂರಿಗೆ ಹೋಗೋಣ ಅಂದೇ ಅನ್ನುತ್ತಾರೆ, ಅವರು ಅರಮನೆ ನೋಡುವಷ್ಟರಲ್ಲಿ ನಿಮ್ಮ ಆಟ ಮುಗಿದಿರುತ್ತದೆ.

ದಿನ ಆರಿಸುವಾಗ ಸೋಮವಾರ ಬಿಡಿ, ಹಲವು ಕೋರ್ಸ್‌ಗಳು ಅವತ್ತು ಮುಚ್ಚಿರುತ್ತವೆ. ಸಂಕ್ರಾಂತಿ, 26ರ ಗಣರಾಜ್ಯೋತ್ಸವದ ಅಕ್ಕಪಕ್ಕ ಮೈಸೂರು ರಸ್ತೆ ಉಸಿರು ಕಟ್ಟಿಸುತ್ತದೆ. ಮಂಗಳವಾರದಿಂದ ಗುರುವಾರದೊಳಗೆ ಒಳ್ಳೆಯದು, ಫೀಸೂ ಕಡಿಮೆ. ಫೋನಿನಲ್ಲಿ ‘ಗ್ರೀನ್ ಫೀ ಎಷ್ಟು?’ ಎಂದಷ್ಟೇ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಕ್ಯಾಡಿ, ಜಿಎಸ್‌ಟಿ, ಬಾಡಿಗೆ ಕ್ಲಬ್ ಎಲ್ಲ ಸೇರಿ ಎಷ್ಟಾಗುತ್ತದೆ, ಅಮೆರಿಕದ ಪಾಸ್‌ಪೋರ್ಟ್ ಇದ್ದರೆ ಬೇರೆ ದರವೇ, ಅವತ್ತು ಟೂರ್ನಮೆಂಟ್ ಇದೆಯೇ, ಗ್ರೀನ್‌ಗಳಿಗೆ ಈಚೆಗೆ ತೂತು ಹೊಡೆದು ಮರಳು ಹಾಕಿದ್ದಾರೆಯೇ ಎಂದು ಕೇಳಿ. ಈ ಕೊನೆಯ ಪ್ರಶ್ನೆ ಮರೆತವರು ಪೂರ್ತಿ ದುಡ್ಡು ಕೊಟ್ಟು ಮರಳಿನ ಮೇಲೆ ಪಟ್ ಮಾಡಿ (ಚೆಂಡನ್ನು ಗುಳಿಯತ್ತ ಉರುಳಿಸಿ) ಬರುತ್ತಾರೆ. ಹ್ಯಾಂಡಿಕ್ಯಾಪ್ (ನಿಮ್ಮ ಆಟದ ಮಟ್ಟ ಹೇಳುವ ಅಂಕಿ) ಪ್ರಮಾಣಪತ್ರ ಫೋನಿನಲ್ಲಿ ಇಟ್ಟುಕೊಂಡಿರಿ, ಕೆಲವು ಕಡೆ ಕೇಳುತ್ತಾರೆ. ಕಾಲರ್ ಇರುವ ಟೀ ಶರ್ಟ್ ಬೇಕು, ಜೀನ್ಸ್ ನಡೆಯದು.

ಇಡೀ ಬ್ಯಾಗ್ ಹೊತ್ತು ತರಬೇಕಿಲ್ಲ. ಶೂ, ಗ್ಲೋವ್, ನಿಮ್ಮ ಕೈಗೆ ಹೊಂದಿಕೊಂಡ ಪಟರ್ ತಂದರೆ ಸಾಕು, ಮಿಕ್ಕದ್ದು ಬಾಡಿಗೆಗೆ ಸಿಗುತ್ತದೆ. ಎಡಗೈ ಆಟಗಾರರಾದರೆ ಮಾತ್ರ ಮೊದಲೇ ಕೇಳಿ ಖಚಿತ ಮಾಡಿಕೊಳ್ಳಿ, ಎಡಗೈ ಸೆಟ್ ಇಲ್ಲಿ ಅಪರೂಪ. ತಾರೀಖು ಗೊತ್ತಾದ ಮೇಲೆ ಇಲ್ಲೇ ಬರೆಯಿರಿ, ಬುಧವಾರವಾದರೆ ನಾನೂ ರಜೆ ಹಾಕಿ ಬರುತ್ತೇನೆ.