ದಾನ ಹೆಚ್ಚಿದರೂ ಪಟ್ಟಿ ಯಾಕೆ ಕರಗುವುದಿಲ್ಲ?
ಸರ್, ಅಂಗಾಂಗ ಕಸಿ ವರ್ಷವರ್ಷ ಜಾಸ್ತಿಯಾಗುತ್ತಿದ್ದರೂ ಅಣ್ಣನ ಹೆಸರು ಕಿಡ್ನಿ ಪಟ್ಟಿಯಲ್ಲಿ ಮುಂದಕ್ಕೆ ಹೋಗುತ್ತಿಲ್ಲ ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಸಂಕಟ ಅರ್ಥವಾಗುತ್ತದೆ.

ಅಂಕಿ ಏರಿದ್ದು ನಿಜ. 2013ರಲ್ಲಿ ದೇಶದಲ್ಲಿ 5,000ಕ್ಕಿಂತ ಕಡಿಮೆ ಇದ್ದ ಕಸಿ 2023ರಲ್ಲಿ 18,378 ಆಯಿತು. ಆದರೆ ಅದರಲ್ಲಿ ಐದಕ್ಕೆ ನಾಲ್ಕಕ್ಕಿಂತ ಜಾಸ್ತಿ ಬದುಕಿರುವವರು, ಹೆಚ್ಚಾಗಿ ಅಮ್ಮ, ಹೆಂಡತಿ, ಅಕ್ಕತಂಗಿಯರು ತಮ್ಮವರಿಗೇ ಕೊಟ್ಟದ್ದು. ಅಣ್ಣ ಕಾಯುತ್ತಿರುವ ಪಟ್ಟಿಗೆ ಅಂಗ ಬರುವುದು ತೀರಿಕೊಂಡವರಿಂದ. ಅಂಥ ದಾನಿಗಳು 2023ರಲ್ಲಿ ಇಡೀ ದೇಶದಲ್ಲಿ 1,099, ಕರ್ನಾಟಕದಲ್ಲಿ 178, ಅಷ್ಟೇ.

ಮನೆಯಲ್ಲಿ ಸತ್ತರೆ ಕಿಡ್ನಿ ಸಿಗುವುದಿಲ್ಲ, ಸಾಮಾನ್ಯವಾಗಿ ಐಸಿಯುನಲ್ಲಿ ಮೆದುಳು ಸತ್ತಿರಬೇಕು. ಕನಿಷ್ಠ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ನಾಲ್ವರು ವೈದ್ಯರು ಸಹಿ ಹಾಕಬೇಕು. ಆಮೇಲೆ ಮನೆಯವರು ಒಪ್ಪಬೇಕು. ವೆಂಟಿಲೇಟರ್‌ನಿಂದ ಎದೆ ಏರಿಳಿಯುತ್ತಿರುತ್ತದೆ, ಕೈ ಇನ್ನೂ ಬೆಚ್ಚಗಿರುತ್ತದೆ, ಆಗ ಹೂಂ ಅನ್ನುವುದು ಸುಮ್ನೆ ಮಾತಲ್ಲ. 2021ರಲ್ಲಿ ಅಪಘಾತದಲ್ಲಿ ಮೆದುಳು ಸತ್ತ ನಟ ಸಂಚಾರಿ ವಿಜಯ್ ಅವರ ಮನೆಯವರು ಹೂಂ ಅನ್ನಲಿಲ್ವಾ, ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಅಣ್ಣನ ನೋಂದಣಿ ಜೀವಸಾರ್ಥಕತೆಯಲ್ಲಿ (ಕರ್ನಾಟಕದಲ್ಲಿ ಅಂಗ ಹಂಚಿಕೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಚಾಲ್ತಿಯಲ್ಲಿದೆಯಾ ಅಂತ ಆಸ್ಪತ್ರೆಯ ಕಸಿ ಸಂಯೋಜಕರ ಹತ್ತಿರ ಆಗಾಗ ಕೇಳುತ್ತಿರಿ, ಫೋನ್ ನಂಬರ್ ಬದಲಾದರೆ ಅವತ್ತೇ ತಿಳಿಸಿ.