ಜೋಕರ್‌ಗೆ ಕೋರೆಹಲ್ಲು ಬೇಕಾ?

ಪ್ರಶ್ನೆ: ಹಾರರ್ ಕಥೆಯೊಂದನ್ನು ಬರೆಯುತ್ತಿದ್ದೇನೆ. ಸರ್ಕಸ್ ಜೋಕರ್‌ನೇ ವಿಲನ್. ಕೆಂಪು ಕಣ್ಣು, ಕೋರೆಹಲ್ಲು, ಕೈಗೊಂದು ಮಚ್ಚು ಎಲ್ಲ ಕೊಟ್ಟೆ. ಓದಿದ ಗೆಳೆಯರು ನಕ್ಕುಬಿಟ್ಟರು. ಎಲ್ಲಿ ತಪ್ಪಿದೆ? ಅಮೆರಿಕದಲ್ಲಿ ಜೋಕರ್ ವೇಷ ಹಾಕುವ ಕೊಲೆಗಾರನೊಬ್ಬ ಇದ್ದನಂತೆ, ಈ ಭಯ ಶುರುವಾಗಿದ್ದು ಅವನಿಂದಲೇನಾ?

ಉತ್ತರ: ಮೊದಲು ಆ ಮಚ್ಚು ಕಿತ್ತುಕೊಳ್ಳಿ. ಮಚ್ಚು ಹಿಡಿದರೆ ಯಾರು ಬೇಕಾದರೂ ಹೆದರಿಸುತ್ತಾರೆ. ಅದಕ್ಕೆ ಜೋಕರ್ ಯಾಕೆ?

ನೀವು ಕೇಳಿದ ಕೊಲೆಗಾರ ಜಾನ್ ವೇಯ್ನ್ ಗೇಸಿ. ಷಿಕಾಗೊ ಕಡೆಯ ಕಟ್ಟಡ ಗುತ್ತಿಗೆದಾರ. ಬಿಡುವಿದ್ದಾಗ ‘ಪೋಗೊ’ ಅನ್ನೋ ಜೋಕರ್ ಆಗುತ್ತಿದ್ದ. 1978ರಲ್ಲಿ ಸಿಕ್ಕಿಬಿದ್ದ, 33 ಕೊಲೆಗಳು ಸಾಬೀತಾದವು. ಅವನಿಂದ ಭಯ ಜಾಸ್ತಿ ಆಯಿತು, ಅಷ್ಟೇ. ಬ್ಯಾಟ್‌ಮನ್ ಕಾಮಿಕ್ಸ್‌ನ ಜೋಕರ್ ಬಂದಿದ್ದೇ 1940ರಲ್ಲಿ. 1892ರ ‘ಪಾಲ್ಯಾಚಿ’ ಒಪೆರಾದಲ್ಲಿ ಜೋಕರ್ ವೇಷದವನು ರಂಗದ ಮೇಲೇ ಹೆಂಡತಿಯನ್ನು ಇರಿಯುತ್ತಾನೆ. ನೋಡುತ್ತಾ ಕೂತ ಊರಿನವರು, ಎಷ್ಟು ಚೆನ್ನಾಗಿ ಅಭಿನಯಿಸುತ್ತಿದ್ದಾನೆ ಅಂದುಕೊಂಡಿರುತ್ತಾರೆ!

ಇನ್ನೂ ಹಿಂದಕ್ಕೆ ಹೋದರೆ ಪ್ಯಾರಿಸ್‌ನ ಮೂಕನಟ ದೆಬುರೋ ಸಿಗುತ್ತಾನೆ. ಬಿಳಿ ಬಣ್ಣ ಬಳಿದ ಮುಖ, ರಂಗದ ಮೇಲೆ ಒಂದೂ ಮಾತಿಲ್ಲ. 1836ರಲ್ಲಿ ಬೀದಿಯಲ್ಲಿ ತನ್ನನ್ನು ಚುಡಾಯಿಸಿದ ಹುಡುಗನಿಗೆ ಕೈಕೋಲಿನಿಂದ ಹೊಡೆದ. ಹುಡುಗ ಸತ್ತ. ಮೂಕನಟನ ದನಿ ಹೇಗಿರುತ್ತೆ ಅಂತ ಕೇಳಲಿಕ್ಕೇ ಜನ ಕೋರ್ಟಿಗೆ ಬಂದರಂತೆ. ಕೊನೆಗೆ ಬಿಡುಗಡೆಯಾಯಿತು, ಅದು ಬೇರೆ ಮಾತು. ಆ ಬಣ್ಣದ ಹಿಂದೆ ಯಾರಿದ್ದಾರೆ ಅನ್ನೋ ಕುತೂಹಲ ನೋಡಿ. ನಿಮ್ಮ ಕಥೆಗೆ ಬೇಕಿರುವುದು ಅದೇ.

ಎದುರಿಗಿರುವವರ ಮನಸ್ಸನ್ನು ನಾವು ಮುಖ ನೋಡಿಯೇ ಅಳೆಯುತ್ತೇವೆ, ಅಲ್ವಾ? ಜೋಕರ್‌ನ ನಗು ಬಣ್ಣದ್ದು. ಸಿಟ್ಟು ಬಂದರೂ ಅದೇ ನಗು, ಸುಸ್ತಾದರೂ ಅದೇ ನಗು. ನಮ್ಮ ಯಕ್ಷಗಾನದಲ್ಲಿ ಹೆದರಿಸುವ ಕೆಲಸ ಬಣ್ಣದ ವೇಷದ್ದು, ನಗಿಸುವ ಕೆಲಸ ಹಾಸ್ಯಗಾರನದ್ದು. ಯಾರು ಬಂದಾಗ ಅಜ್ಜಿಯ ಸೆರಗಿನಲ್ಲಿ ಅಡಗಬೇಕು ಅಂತ ಮಗುವಿಗೂ ಗೊತ್ತು. ಹಾರರ್ ಕಥೆಯ ಜೋಕರ್ ಈ ಎರಡನ್ನೂ ಒಂದೇ ಮುಖದಲ್ಲಿ ಹೊತ್ತು ಬರುತ್ತಾನೆ.

ಸ್ಟೀಫನ್ ಕಿಂಗ್ 1986ರ ‘ಇಟ್’ ಕಾದಂಬರಿಯಲ್ಲಿ ಇದನ್ನು ಹೇಗೆ ಬಳಸಿದ್ದಾರೆ ನೋಡಿ. ಮಳೆಯಲ್ಲಿ ಪುಟ್ಟ ಹುಡುಗನ ಕಾಗದದ ದೋಣಿ ಚರಂಡಿಗೆ ಬೀಳುತ್ತದೆ. ಬಗ್ಗಿ ನೋಡಿದರೆ ಒಳಗೊಬ್ಬ ಜೋಕರ್, ಬಲೂನು ಬೇಕಾ ಅಂತ ಕೇಳುತ್ತಾನೆ. ಅಪರಿಚಿತರಿಂದ ಏನೂ ತಗೋಬಾರದು ಅಂತ ಅಪ್ಪ ಹೇಳಿದ್ದಾರೆ ಎನ್ನುತ್ತಾನೆ ಹುಡುಗ. ಅಪ್ಪ ಹೇಳಿದ್ದು ಸರಿ ಅಂತ ಜೋಕರ್ ಒಪ್ಪುತ್ತಾನೆ! ಆಮೇಲೆ ತನ್ನ ಹೆಸರು ಹೇಳಿ, ಈಗ ನಾವು ಅಪರಿಚಿತರಲ್ಲವಲ್ಲ ಎನ್ನುತ್ತಾನೆ. ಮುಂದಿನ ರಕ್ತಪಾತಕ್ಕಿಂತ ನನಗೆ ಈ ನಯವಾದ ಮಾತೇ ಜಾಸ್ತಿ ಭಯ ಹುಟ್ಟಿಸಿದ್ದು.

ಹಾಗಂತ ನೀವೂ ಚರಂಡಿ, ಬಲೂನು ತರಬೇಡಿ. ಅವನನ್ನು ಸುಮ್ನೆ ಸರ್ಕಸ್‌ನಿಂದ ಆಚೆ ತನ್ನಿ. ರಾತ್ರಿಯ ಕೊನೇ ಬಸ್ಸು. ಬಣ್ಣ ತೊಳೆಯದೆ ಕಿಟಕಿ ಪಕ್ಕ ಕೂತಿದ್ದಾನೆ. ಕಂಡಕ್ಟರ್ ಎಲ್ಲಿಗೆ ಅಂತ ಕೇಳುತ್ತಾನೆ. ಅವನು ಹಿಂದಿನ ಸೀಟಿನ ಹುಡುಗನ ಕಡೆ ತಿರುಗಿ, “ನಾವು ಎಲ್ಲಿ ಇಳೀಬೇಕು ಮರೀ?” ಅನ್ನಲಿ.