ಗುರುವಿನ ಹತ್ತಿರ ದುಡ್ಡಿನ ಮಾತು ಹೇಗೆ ತೆಗೆಯೋದು? ಜಪಾನಿನ ಒಬ್ಬ ನೃತ್ಯ ವಿದ್ಯಾರ್ಥಿನಿಯ ಪ್ರಕರಣ

(ಹೆಸರು, ಊರು, ಮನೆಯ ವಿವರ ಎಲ್ಲಾ ಬದಲಾಯಿಸಿದ್ದೇನೆ.)

ಯುಕಿಗೆ 19 ವರ್ಷ. ಜಪಾನಿನಲ್ಲಿ ನಾನು ಆಪ್ತಸಲಹೆ ಮಾಡುವ ಕಾಲೇಜಿನ ವಿದ್ಯಾರ್ಥಿನಿ. ನಿದ್ದೆ ಬರ್ತಿಲ್ಲ ಅಂತ ಬಂದಳು. ವಾರದಲ್ಲಿ ನಾಲ್ಕು ರಾತ್ರಿ ಅಂಗಡಿಯಲ್ಲಿ ಪಾಳಿ, ಬೆಳಿಗ್ಗೆ ಕ್ಲಾಸು, ಸಂಜೆ ನೃತ್ಯ ಪಾಠ. ಮಧ್ಯಾಹ್ನದ ಊಟ ಬಿಟ್ಟು ದುಡ್ಡು ಉಳಿಸುತ್ತಿದ್ದಳು. ಯಾತಕ್ಕೆ ಅಂತ ಕೇಳಿದರೆ ಮೊದಲ ಭೇಟಿಯಲ್ಲಿ ಬಾಯಿ ಬಿಡಲಿಲ್ಲ.

ಅವಳು ಕಲಿಯುತ್ತಿರುವುದು ನಿಹೊನ್ ಬುಯೋ. ಕಬುಕಿ ನಾಟಕದ ಕುಣಿತದಿಂದ ಬೆಳೆದು ಬಂದ ನೃತ್ಯ. 1629ರಲ್ಲಿ ಹೆಂಗಸರು ಕಬುಕಿ ರಂಗ ಹತ್ತಬಾರದು ಅಂತ ಸರ್ಕಾರ ನಿಷೇಧ ಹಾಕಿತು. ವೃತ್ತಿಪರ ಕಬುಕಿಯಲ್ಲಿ ಇವತ್ತಿಗೂ ಹೆಣ್ಣಿನ ಪಾತ್ರ ಮಾಡುವವರು ಗಂಡಸರೇ. ಹಾಗಾಗಿ ಯುಕಿಯಂಥ ಹುಡುಗಿ ಈ ಕಲೆಯಲ್ಲಿ ಮೇಲೆ ಬರಬೇಕು ಅಂದರೆ ಹನಯಾಗಿ, ಫುಜಿಮಾ, ವಾಕಯಾಗಿ, ನಿಶಿಕಾವಾ, ಬಂದೋ ಇಂಥ ನೃತ್ಯ ಮನೆತನಗಳನ್ನೇ ಹಿಡಿಯಬೇಕಾಗುತ್ತದೆ. ಇವು ದೊಡ್ಡವು, ಚಿಕ್ಕವು ಇನ್ನೂ ಎಷ್ಟೋ ಇವೆ. ಪ್ರತಿ ಮನೆತನಕ್ಕೂ ಒಬ್ಬ ಯಜಮಾನ, ಇಎಮೊತೊ. ಪಳಗಿದ ಶಿಷ್ಯರಿಗೆ ಆ ಮನೆತನದ ಹೆಸರನ್ನೇ ಕೊಡುತ್ತಾರೆ, ಎಷ್ಟೋ ಸಲ ಜೊತೆಗೆ ಗುರುವಿನ ಹೆಸರಿನ ಒಂದು ಅಕ್ಷರವೂ ಬರುತ್ತದೆ. ಹೆಸರು ಪಡೆದವರು ನಾತೊರಿ.

ಎರಡನೇ ಭೇಟಿಗೆ ಬ್ಯಾಗಿನಲ್ಲಿ ತನ್ನ ಬೀಸಣಿಗೆ ತಂದಿದ್ದಳು. ನನ್ನ ಕೈಗೆ ಕೊಟ್ಟಳು. ನೋಡೋಕೆ ಕಾಗದ, ಬಿದಿರು ಅಷ್ಟೆ, ಆದರೆ ಬುಡದಲ್ಲಿ ತೂಕ ಇದೆ. ಹೊರಗಿನ ಕಡ್ಡಿಗಳ ಬುಡದಲ್ಲಿ ಸೀಸ ಕೂರಿಸಿರುತ್ತಾರಂತೆ, ಬೆರಳಲ್ಲಿ ತಿರುಗಿಸುವಾಗ ಹದ ತಪ್ಪಬಾರದು ಅಂತ. ಪಾಠ ಶುರುವಾಗುವ ಮುಂಚೆ ಅದನ್ನು ಮುಚ್ಚಿ ಮಂಡಿಯ ಮುಂದೆ ಅಡ್ಡ ಇಟ್ಟು ಗುರುವಿಗೆ ತಲೆ ಬಾಗಿಸಬೇಕು. ಆಮೇಲೆ ಚಪ್ಪಲಿ ಬಿಟ್ಟು ಸುರಿಆಶಿ ತೋರಿಸಿದಳು. ಸೊಂಟ ತಗ್ಗಿಸಿ, ಪಾದ ನೆಲದಿಂದ ಎತ್ತದೆ ಜಾರಿಸಿಕೊಂಡು ನಡೆಯೋದು. ತಲೆ ಒಂಚೂರೂ ಮೇಲೆ ಕೆಳಗೆ ಆಗಲಿಲ್ಲ. ಆರು ವರ್ಷದಿಂದ ಕಲಿತಿದ್ದು. ಆ ಕೆಲವು ಹೆಜ್ಜೆಗಳಲ್ಲಿ ಅವಳ ಮುಖವೇ ಬೇರೆ ಆಯಿತು. ಈ ಹುಡುಗಿಗೆ ನೃತ್ಯ ಬಿಡು ಅನ್ನುವ ಸಲಹೆ ಕೊಡುವ ಪ್ರಶ್ನೆಯೇ ಇಲ್ಲ ಅಂತ ನನಗೆ ಆಗಲೇ ಖಚಿತವಾಯಿತು.

ಆಮೇಲೆ ವಿಷಯ ಹೊರಗೆ ಬಂತು. "ಮುಂದಿನ ವಸಂತಕ್ಕೆ ಹೆಸರು ತಗೋ, ವೇದಿಕೆ ಕಾರ್ಯಕ್ರಮವನ್ನೂ ಮಾಡಿಬಿಡೋಣ" ಅಂತ ಗುರು ಹೇಳಿದ್ದರು. ದೊಡ್ಡ ಗೌರವ ಅದು. ಆದರೆ ಹೆಸರಿಗೆ ಕೊಡಬೇಕಾದ ಹಣ ಲಕ್ಷಗಟ್ಟಲೆ ಯೆನ್ ಆಗಬಹುದು. ಕಾರ್ಯಕ್ರಮದಲ್ಲಿ ಕುಣಿಯುವವರೇ ಖರ್ಚು ಹೊರುವ ರೂಢಿ ಇದೆ: ಕಿಮೊನೊ ಬಾಡಿಗೆ, ವಿಗ್ಗು, ಮೇಕಪ್ ಮಾಡುವವರು, ಶಮಿಸೆನ್ ನುಡಿಸುವವರ ಸಂಭಾವನೆ, ಸಭಾಂಗಣದ ಬಾಡಿಗೆಯಲ್ಲಿ ಪಾಲು. ಮಗಳ ರಂಗಪ್ರವೇಶ ಮಾಡಿಸಿದ ನಮ್ಮೂರ ಅಪ್ಪ ಅಮ್ಮಂದಿರಿಗೆ ಈ ಪಟ್ಟಿ ಹೊಸದೇನಲ್ಲ. ಎಷ್ಟಾಗುತ್ತದೆ ಅಂತ ಯುಕಿ ಕೇಳಿರಲೇ ಇಲ್ಲ. ಗುರುವಿನ ಹತ್ತಿರ ದುಡ್ಡಿನ ಮಾತು ತೆಗೆಯೋದು ಅಂದರೆ ಅವಳ ಪಾಲಿಗೆ ಅವಮಾನ ಮಾಡಿದ ಹಾಗೆ. ಅಪ್ಪನಿಗೆ ಕೆಲಸ ಹೋಗಿದೆ, ಅಮ್ಮನಿಗೆ ಗೊತ್ತಾಗಬಾರದು. ಕೊನೆಗೆ ಸಾಲದ ಅರ್ಜಿ ತುಂಬಲು ಕೂತಿದ್ದಳು. 2022ರ ಏಪ್ರಿಲ್‌ನಿಂದ ಜಪಾನಿನಲ್ಲಿ 18ಕ್ಕೇ ವಯಸ್ಕರು, ಮನೆಯವರ ಒಪ್ಪಿಗೆ ಇಲ್ಲದೆ ಒಪ್ಪಂದಕ್ಕೆ ಸಹಿ ಹಾಕಬಹುದು. ನನಗೆ ಎದೆ ಧಸಕ್ ಅಂದಿದ್ದು ಅದನ್ನು ಕೇಳಿದಾಗ.

ನಾನು ಕೊಟ್ಟ ಮೊದಲ ಸಲಹೆ, ಆ ಅರ್ಜಿ ಕಳಿಸಬೇಡ, ಮಧ್ಯಾಹ್ನ ಊಟ ಮಾಡು. ಇದರಲ್ಲಿ ರಾಜಿ ಇಲ್ಲ ಅಂದೆ. ಮಂಡಿ, ಸೊಂಟದ ಮೇಲೆ ಇಷ್ಟು ಭಾರ ಹಾಕುವ ನೃತ್ಯಕ್ಕೆ ಹಸಿದ ಮೈ ಎಷ್ಟು ದಿನ ತಡೆದೀತು?

ಆಮೇಲೆ ಒಂದು ಪ್ರಶ್ನೆ ಕೇಳಿದೆ: ಹೆಸರು ಬಂದ ಮಾರನೇ ದಿನ ಏನು ಮಾಡ್ತೀಯ? ಪಾಠ ಹೇಳಿ ಸಂಪಾದಿಸ್ತೀನಿ, ಸಾಲ ತೀರಿಸ್ತೀನಿ ಅಂದಳು. ಇಲ್ಲೇ ಲೆಕ್ಕ ತಪ್ಪಿತ್ತು. ಹೆಚ್ಚಿನ ಮನೆತನಗಳಲ್ಲಿ ಕಲಿಸುವ ಅನುಮತಿಗೆ ನಾತೊರಿ ಸಾಲದು, ಅದರ ಮೇಲೆ ಶಿಹಾನ್ ಅನ್ನುವ ಇನ್ನೊಂದು ಮೆಟ್ಟಿಲು ಹತ್ತಬೇಕು, ಅದಕ್ಕೆ ಮತ್ತೆ ಪರೀಕ್ಷೆ, ಮತ್ತೆ ಹಣ. ಅವಳಿಗೆ ಇದು ಅರ್ಧಂಬರ್ಧ ಗೊತ್ತಿತ್ತು, ಆದರೆ ಯೋಚಿಸೋಕೆ ಭಯ. ಕಾಗದದ ಮೇಲೆ ಬರೆದು ನೋಡಿದೆವು. ಅತ್ತಳು. ಸ್ವಲ್ಪ ಹೊತ್ತು ಬಿಟ್ಟು "ಬೇರೆ ದಾರಿ ಇದೆಯಾ?" ಅಂದಳು.

ಇದೆ. ಟೋಕಿಯೋ ಕಲಾ ವಿಶ್ವವಿದ್ಯಾಲಯದಲ್ಲಿ, ನಿಹೊನ್ ವಿಶ್ವವಿದ್ಯಾಲಯದ ಕಲಾ ವಿಭಾಗದಲ್ಲಿ ಈ ನೃತ್ಯವನ್ನೇ ಪದವಿಗೆ ಓದಬಹುದು. ಪ್ರವೇಶ ಸುಲಭವಲ್ಲ, ಶುಲ್ಕವೂ ಇದೆ, ಆದರೆ ಶುಲ್ಕ ಎಷ್ಟು ಅಂತ ಮೊದಲೇ ತಿಳಿಯುತ್ತದೆ, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಈಗಲೇ ಕಾಲೇಜು ಬದಲಿಸು ಅಂತ ನಾನು ಹೇಳಲಿಲ್ಲ, ವಿಚಾರಿಸಿ ನೋಡು ಅಂದೆ ಅಷ್ಟೆ.

ಗುರುವಿನ ಮಾತಿಗೆ ಬಂದರೆ, ನೇರವಾಗಿ ಹೋಗಿ ಕೇಳು ಅನ್ನೋದು ಅಲ್ಲಿ ನಡೆಯದ ಸಲಹೆ. ಅಲ್ಲಿ ಇಂಥದ್ದಕ್ಕೆ ಹಿರಿಯ ಶಿಷ್ಯೆಯರೇ ದಾರಿ. ಈಗಾಗಲೇ ಹೆಸರು ಪಡೆದ ಒಬ್ಬ ಅಕ್ಕನನ್ನು ಹಿಡಿದು "ಒಟ್ಟು ಎಷ್ಟು ಬೇಕಾಗುತ್ತದೆ, ಒಂದೆರಡು ವರ್ಷ ತಡ ಮಾಡಿದರೆ ಸೆನ್ಸೇ (ಗುರು) ಬೇಜಾರು ಮಾಡ್ಕೋತಾರಾ?" ಅಂತ ಕೇಳಲು ಹೇಳಿದೆ. ಆ ಎರಡು ಮಾತನ್ನು ನನ್ನೆದುರೇ ಹೇಳಿ ಹೇಳಿ ಅಭ್ಯಾಸ ಮಾಡಿದಳು, ಮೊದಮೊದಲು ದನಿಯೇ ಹೊರಡುತ್ತಿರಲಿಲ್ಲ.

ಆ ಅಕ್ಕ ತನ್ನ ಹಳೇ ಖರ್ಚಿನ ಪುಸ್ತಕವನ್ನೇ ತಂದು ತೋರಿಸಿದರಂತೆ. ಹೆಸರು, ವೇದಿಕೆ ಎರಡೂ ಸೇರಿ ಹತ್ತು ಲಕ್ಷ ಯೆನ್ ದಾಟಿತ್ತು. ಗುರುವಿಗೂ ಅವರೇ ವಿಷಯ ಮುಟ್ಟಿಸಿದರು. ಕಾಲೇಜು ಮುಗಿಯಲಿ, ಅಲ್ಲಿತನಕ ಸಣ್ಣ ವಾರ್ಷಿಕ ಪ್ರದರ್ಶನದಲ್ಲಿ ಯುಕಾತ ಅನ್ನುವ ಸಾದಾ ಕಿಮೊನೊ ಉಟ್ಟು ಕುಣಿಯಲಿ ಅಂತ ಉತ್ತರ ಬಂತು. ಯುಕಿಗೆ ಇದರಿಂದ ಸಮಾಧಾನಕ್ಕಿಂತ ಬೇಸರ ಜಾಸ್ತಿ ಆಗಿದೆ. ತನ್ನ ಜೊತೆ ಕಲಿತವಳಿಗೆ ಈ ವಸಂತಕ್ಕೆ ಹೆಸರು ಬರುತ್ತಿದೆ, ಅದು ಚುಚ್ಚುತ್ತದೆ. ಚುಚ್ಚಲೇಬೇಕು ಅಲ್ವಾ, ಅಷ್ಟು ಆಸೆ ಇಟ್ಟವಳಿಗೆ. ರಾತ್ರಿ ಪಾಳಿ ಎರಡಕ್ಕೆ ಇಳಿಸಿದ್ದಾಳೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಮುಂದಿನ ಭೇಟಿಗೆ ಅಮ್ಮನನ್ನೂ ಕರೆದುಕೊಂಡು ಬಾ ಅಂದಿದ್ದೇನೆ, ಬರುತ್ತೀನಿ ಅಂದಿದ್ದಾಳೆ.